ರೊಟ್ಟಿ ಕಟ್ಟೆಯ ನಗದುರಹಿತ ಕ್ರಾಂತಿ

ನನ್ನ ಹೆಂಡತಿಯ ಬಾಯಿಂದ ನನ್ನ ಹೆಸರನ್ನು ನಾನು ಇವತ್ತಿಗೂ ಕೇಳಿಲ್ಲ. ಹೆಸರು ಕಷ್ಟದ್ದಾಗಿದ್ದರೆ ಸುಮ್ಮನಿರಬಹುದಿತ್ತು. ಬಸಲಿಂಗ. ಹಲ್ಲಿಲ್ಲದವರೂ ಹೇಳಬಹುದು. ಪೀಣ್ಯದ ನಮ್ಮ ಪಂಪು ಫ್ಯಾಕ್ಟರಿಯಲ್ಲಿ ಒಡಿಶಾದ ಹುಡುಗರೂ ಅದನ್ನು ಸಲೀಸಾಗಿ ಕರೆಯುತ್ತಾರೆ. ಹೇಳದವಳು ಶಿವಗಂಗಾ ಒಬ್ಬಳೇ.

ನಮ್ಮ ಬಾದಾಮಿ ಕಡೆಯ ಹಳ್ಳಿಗಳಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆ, ಸೀಮಂತಗಳಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಪೀಡಿಸಿದರೆ ಒಂದು ಒಡಪು ಕಟ್ಟಿ, ಅಂದರೆ ಎರಡು ಪ್ರಾಸದ ಸಾಲುಗಳ ನಡುವೆ ಹೆಸರನ್ನು ತುರುಕಿ, ಹೇಳಿ ಮುಖ ಮುಚ್ಚಿಕೊಳ್ಳಬಹುದು. ನಮ್ಮ ಮದುವೆಯಲ್ಲಿ ಶಿವಗಂಗಾ ಅದಕ್ಕೂ ಬಗ್ಗಲಿಲ್ಲ. ತಲೆ ತಗ್ಗಿಸಿ ಕೂತೇ ಇದ್ದಳು. ಕೊನೆಗೆ ಹೆಂಗಸರಿಗೇ ಹಸಿವಾಗಿ ಊಟಕ್ಕೆ ಎದ್ದರು.

ನಾನು ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು. ಬಿ.ಎಸ್ಸಿ., ಅದೂ ಹಗಲು ಕಾಲೇಜಿನಲ್ಲಿ. ಇಂಥ ಮೂಢನಂಬಿಕೆ ನನ್ನ ಮನೆಯಲ್ಲೇ ಹೊಗೆಯಾಡುತ್ತಿದ್ದರೆ ವಿಜ್ಞಾನಕ್ಕೆ ಎಂಥ ಅವಮಾನ ಎಂದು ಆಗಾಗ ಅವಳೊಡನೆ ವಾದಕ್ಕೆ ಇಳಿಯುತ್ತಿದ್ದೆ.

"ಒಂದೇ ಒಂದು ಸಲ ಅನ್ನು. ಯಾರೂ ಇಲ್ಲ."

"ಬ್ಯಾಡ್ರೀ. ಹೆಸರು ಹಿಡದ್ರ ಗಂಡನ ಆಯುಷ್ಯ ಕಡಿಮಿ ಆಗತೈತಿ ಅಂತಾರ."

"ಆಗಲಿ ಬಿಡು. ಕಂಪನಿಯವರು ವಿಮೆ ಮಾಡಿಸ್ಯಾರ."

"ಹಂಗಾರ ವಿಮೆಯವ್ರ ಕಡಿಂದನ ಹೆಸರು ಕರೆಸಿಕೊಳ್ರಿ," ಎಂದು ಅವಳು ರೊಟ್ಟಿ ಹಂಚಿನ ಕಡೆ ತಿರುಗಿಬಿಡುತ್ತಿದ್ದಳು.

ರೊಟ್ಟಿಯ ವಿಷಯ ಹೇಳಬೇಕು. ರಾಜಗೋಪಾಲನಗರದ ನಮ್ಮ ಬಾಡಿಗೆ ಮನೆಗೆ ರಸ್ತೆಯ ಕಡೆ ಒಂದು ಕಟ್ಟೆ ಇದೆ. ಶಿವಗಂಗಾ ಅಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಾಳೆ. ನಮ್ಮ ಕಡೆಯಿಂದ ದುಡಿಯಲು ಬಂದವರು ಶಿಫ್ಟಿಗೆ ಹೋಗುತ್ತ ಬರುತ್ತ ನಿಂತು ತಿನ್ನುತ್ತಾರೆ, ಕಟ್ಟಿಸಿಕೊಂಡೂ ಹೋಗುತ್ತಾರೆ. ಜೊತೆಗೆ ಝುಣಕ, ಶೇಂಗಾ ಚಟ್ನಿ. ಇದೆಲ್ಲ ಅವಳೇ ಕಟ್ಟಿಕೊಂಡ ವ್ಯವಹಾರ. ನನ್ನ ಪದವಿಯ ಪಾತ್ರ ಇದರಲ್ಲಿ ಏನೂ ಇಲ್ಲ (ಹಿಟ್ಟಿನ ಚೀಲ ಹೊರುವುದನ್ನು ಬಿಟ್ಟರೆ).

ಹಳೆಯ ನೋಟುಗಳು ಹೋಗಿ ಹೊಸವು ಬಂದ ಮರುವರ್ಷದ ಮಾತು. ನಮ್ಮ ಫ್ಯಾಕ್ಟರಿಗೆ ಯಾವುದೋ ಬ್ಯಾಂಕಿನವರೊಬ್ಬರು ಬಂದು ಉಪನ್ಯಾಸ ಕೊಟ್ಟರು. ವಿಷಯ: ಅಭಿವೃದ್ಧಿಶೀಲ ರಾಷ್ಟ್ರದ ಅರ್ಥವ್ಯವಸ್ಥೆಯ ಮೇಲೆ ನಗದುರಹಿತ ಪಾವತಿಯ ಪರಿಣಾಮಗಳು. ಉಳಿದವರು ಕೊನೆಯಲ್ಲಿ ಕೊಡುವ ಸಮೋಸಾ ಕಡೆ ನೋಡುತ್ತಿದ್ದಾಗ ನಾನೊಬ್ಬನೇ ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದೆ. ನನ್ನ ಕಣ್ಣ ಮುಂದೆ ಬೆಳಕು ಮೂಡುತ್ತಿತ್ತು. ಅಭಿವೃದ್ಧಿಶೀಲ ಅರ್ಥವ್ಯವಸ್ಥೆ ಎಂಬುದು ಎಲ್ಲೋ ದಿಲ್ಲಿಯಲ್ಲಿ ಇರುವುದಲ್ಲ, ಅದು ನಮ್ಮ ಕಟ್ಟೆಯ ಮೇಲೆ ಕೂತು ರೊಟ್ಟಿ ಬಡಿಯುತ್ತಿದೆ! ಅದನ್ನು ಅಭಿವೃದ್ಧಿಪಡಿಸದೆ ನಾನು ಇಲ್ಲಿ ಸಮೋಸಾ ತಿನ್ನುವುದು ದೇಶದ್ರೋಹವಲ್ಲವೇ? (ತಿಂದೆ. ಎರಡು.)

ಮನೆಗೆ ಹೋಗಿ ವಿವರಿಸಿದೆ. ಕಟ್ಟೆಯ ಮೇಲೊಂದು ಕ್ಯೂಆರ್ ಬೋರ್ಡು, ಗಿರಾಕಿ ಅದರ ಚಿತ್ರಕ್ಕೆ ಫೋನು ಹಿಡಿಯುತ್ತಾನೆ, ಹಣ ಬಂದು ಖಾತೆಯಲ್ಲಿ ಬೀಳುತ್ತದೆ. ಚಿಲ್ಲರೆಯ ಜಂಜಾಟವಿಲ್ಲ.

"ಚಿಲ್ಲರೆ ಇಲ್ಲಂದ್ರ ಮಂದಿ ಇನ್ನೊಂದು ರೊಟ್ಟಿ ತಿಂದು ಸರಿ ಮಾಡ್ತಾರಲ್ರೀ," ಎಂದಳು ಶಿವಗಂಗಾ. "ಅದೂ ಹೋತಲ್ಲ."

ಬ್ಯಾಂಕಿನವರು ಈ ಅಂಶವನ್ನು ಮುಟ್ಟಿಯೇ ಇರಲಿಲ್ಲ. ನಾನೂ ಮುಟ್ಟಲಿಲ್ಲ.

ಮಾರನೆಯ ವಾರ ಬೋರ್ಡು ಬಂತು. ಅವಳು ಆ ಕಪ್ಪು ಚೌಕಗಳನ್ನು ಅತ್ತಿತ್ತ ತಿರುಗಿಸಿ ನೋಡಿ, "ಯಾರೋ ರಂಗೋಲಿ ಹಾಕಿ ಮ್ಯಾಲ ಕಾಲಿಟ್ಟು ಹೋಗ್ಯಾರ ನೋಡ್ರಿ," ಎಂದಳು. ಅದರ ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಹೆಸರಿತ್ತು. ಅವಳಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಕೂಡಿಸಿಕೊಂಡು ಓದಬಲ್ಲಳು. ಕೂಡಿಸಿದಳು. ಮುಖ ಕೆಂಪಾಯಿತು.

"ರೊಟ್ಟಿ ನಂದು. ನನ್ನ ಹೆಸರಲೆ ಮಾಡ್ಸಬೇಕಿಲ್ಲೋ?"

ಅವಳ ಖಾತೆ ಊರಿನ ಬ್ಯಾಂಕಿನಲ್ಲಿದೆ, ಅದಕ್ಕೆ ಫೋನು ಜೋಡಿಸಿಲ್ಲ, ಅವಳದು ಗುಂಡಿ ಒತ್ತುವ ಫೋನು ಎಂದೆಲ್ಲ ಕಾರಣ ಕೊಟ್ಟೆ. ಎಲ್ಲವೂ ನಿಜ. ಎಲ್ಲವನ್ನೂ ಒಂದು ವಾರದಲ್ಲಿ ಸರಿಪಡಿಸಬಹುದು ಎಂಬುದೂ ನಿಜ. ಆದರೆ ಓದುಗರೊಡನೆ ಮುಚ್ಚುಮರೆ ಏಕೆ? ನನ್ನ ಒಳಗಿನ ಲೆಕ್ಕಾಚಾರ ಬೇರೆಯೇ ಇತ್ತು. ಹಣ ಕಳಿಸುವ ಮುನ್ನ ಪ್ರತಿ ಗಿರಾಕಿಯೂ ಕೇಳುತ್ತಾನೆ: "ಯಾರ ಹೆಸರಿಗೆ ಹೋಗುತ್ತೆ ಅಕ್ಕಾ?" ಅವಳು ಹೇಳಲೇಬೇಕು. ದಿನಕ್ಕೆ ಹತ್ತಾರು ಸಲ ಹೇಳಿ ಹೇಳಿ ನಾಲಿಗೆ ಪಳಗುತ್ತದೆ. ಒಂದು ಸಂಜೆ ನಾನು ಶೂ ಬಿಚ್ಚುತ್ತಿರುವಾಗ ಒಳಗಿನಿಂದ "ಬಸಲಿಂಗಾ, ಚಾ ಆಗೈತಿ" ಎಂದು ಕೇಳಿಸುತ್ತದೆ. ದೇಶದ ಅರ್ಥವ್ಯವಸ್ಥೆ ಹೇಗೂ ಉದ್ಧಾರವಾಗುವುದಿತ್ತು, ಜೊತೆಗೆ ನನ್ನದೂ ಒಂದಿಷ್ಟು ಆಗಲಿ ಎಂದುಕೊಂಡೆ.

ಮೊದಲ ಭಾನುವಾರ ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತೆ.

"ಅಕ್ಕಾ, ಯಾರ್ ಹೆಸ್ರು ಬರುತ್ತೆ?" ಎಂದ ಒಬ್ಬ.

"ಅಲ್ಲೇ ಬರದೈತಿ, ನೋಡ್ರಿ."

"ಬಸಲಿಂಗ ಅಂತ ಬರ್ತಿದೆ. ಯಾರಕ್ಕಾ ಅದು?"

"ನಮ್ಮ ಮನ್ಯಾಗ ಅದಾರ."

"ಮನೇಲಿ ಏನಾಗ್ಬೇಕು?"

"ಹಿಟ್ಟಿನ ಚೀಲ ತರ್ತಾರ."

ಬಾಗಿಲ ಮರೆಯಿಂದ ನಾನು ಹಿಂದೆ ಸರಿದೆ.

ಕ್ರಾಂತಿಯ ಮೊದಲ ಪರಿಣಾಮ ಅವಳು ಊಹಿಸಿದ್ದೇ ಆಯಿತು: ಜನ ತಿಂದಷ್ಟಕ್ಕೆ ಸರಿಯಾಗಿ ಕೊಟ್ಟು ಹೋಗತೊಡಗಿದರು, ಹೆಚ್ಚಿನ ರೊಟ್ಟಿ ಬುಟ್ಟಿಯಲ್ಲೇ ಉಳಿಯಿತು. ಎರಡನೆಯ ಪರಿಣಾಮ ನನ್ನ ಜೇಬಿನಲ್ಲಿ ಶುರುವಾಯಿತು. ಹಣ ಬಂದ ಸಂದೇಶ ಬರುವುದು ನನ್ನ ಫೋನಿಗೆ. ನಾನು ಪೀಣ್ಯದಲ್ಲಿ, ಪಂಪಿನ ಬಿಡಿಭಾಗಗಳ ಅಳತೆ ನೋಡುತ್ತ ನಿಂತಿದ್ದೇನೆ. ಕಟ್ಟೆಯ ಮೇಲೆ ಒಬ್ಬ ಹಣ ಕಳಿಸಿದರೆ ಶಿವಗಂಗಾ ನನಗೆ ಕರೆ ಮಾಡಬೇಕು.

"ಏನ್ರೀ, ನೀಲಿ ಅಂಗಿಯವ್ರು ಕಳ್ಸ್ಯಾರಂತ. ಬಂತೇನು?"

"ಬಂತು."

"ಲುಂಗಿಯವ್ರದು?"

"ಸಂದೇಶದಾಗ ಲುಂಗಿ ಕಾಣಂಗಿಲ್ಲೇ. ಹೆಸರು ಹೇಳು."

"ತಡ್ರಿ, ಕೇಳ್ತೀನಿ."

ಕಂಡಕಂಡವರ ಹೆಸರನ್ನೆಲ್ಲ ಕೇಳಿ ನನಗೆ ಹೇಳುತ್ತಿದ್ದಳು. ಆ ಹೆಸರುಗಳನ್ನು ಎಷ್ಟು ಸ್ವಚ್ಛವಾಗಿ ಉಚ್ಚರಿಸುತ್ತಿದ್ದಳೆಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲು ಬೆಳಿಗ್ಗೆ ಹೋದವನು ಸಂಜೆಯವರೆಗೆ ಅವಳ ದನಿ ಕೇಳುತ್ತಿರಲಿಲ್ಲ. ಈಗ ಲುಂಗಿಯವರ ನೆಪದಲ್ಲಿ "ಡಬ್ಬಿ ಉಂಡ್ರಿ?" ಎಂದು ಒಂದು ಮಾತು ಬರುತ್ತಿತ್ತು. ಹಾಗಾಗಿ ಅವಳು ತನ್ನ ಹೆಸರಿನ ಬೋರ್ಡು ಕೇಳಿದಾಗಲೆಲ್ಲ ನಾನು ಬ್ಯಾಂಕಿನ ಸರ್ವರ್ ಮೇಲೆ ತಪ್ಪು ಹೊರಿಸುತ್ತಿದ್ದೆ.

ಫ್ಯಾಕ್ಟರಿಯಲ್ಲಿ ಮಾತ್ರ ಇದು ಬಹಳ ದಿನ ನಡೆಯಲಿಲ್ಲ. ನನ್ನ ಪಕ್ಕದ ಮೇಜಿನ ವಸಂತ್, ವರ್ತೂರಿನ ಹುಡುಗ, "ಗುರು, ನೀನು ಪಂಪು ಅಳೀತಿದ್ದೀಯೋ ರೊಟ್ಟಿ ಅಳೀತಿದ್ದೀಯೋ?" ಎಂದು ನಗುತ್ತಿದ್ದ. ಮ್ಯಾನೇಜರು ನಗಲಿಲ್ಲ. ಯಂತ್ರಗಳಿರುವ ಶಾಪಿನೊಳಗೆ ಯಾರೂ ಫೋನು ತರಕೂಡದೆಂದು ಆಜ್ಞೆಯಾಯಿತು. ಎಲ್ಲರೂ ಗೇಟಿನ ಮುನಿಯಣ್ಣನ ಬಳಿ ಒಂದು ರಟ್ಟಿನ ಪೆಟ್ಟಿಗೆಗೆ ಫೋನು ಹಾಕಿ ಒಳಗೆ ಹೋಗಬೇಕು, ಸಂಜೆ ಅವರವರದು ಅವರೇ ಹುಡುಕಿಕೊಳ್ಳಬೇಕು. ಕಟ್ಟೆಯ ಹಣ ಬಂತೋ ಇಲ್ಲವೋ ಎಂಬುದು ಇನ್ನು ಸಂಜೆಯೇ ಗೊತ್ತಾಗುವುದು, ಅಲ್ಲಿಯವರೆಗೆ ಶಿವಗಂಗಾ ಗಿರಾಕಿಯ ಮಾತು ನಂಬಿಯೇ ರೊಟ್ಟಿ ಕೊಡಬೇಕು. ಮುನಿಯಣ್ಣ ಹತ್ತಿರದ ಹಳ್ಳಿಯವನು. ಸ್ವಂತ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡು, ಹೊತ್ತು ಹೋಗದೆ ಕಾವಲಿಗೆ ಸೇರಿದವನು. ಪೆಟ್ಟಿಗೆಯಲ್ಲಿ ಯಾವ ಫೋನು ಅತ್ತರೂ ಎತ್ತಿ ಸಮಾಧಾನ ಮಾಡುವುದು ಅವನ ಸ್ವಭಾವ.

ಈಗ ನಮ್ಮ ಓಣಿಯ ಮುದಕಪ್ಪನ ವಿಷಯ. ಲಾರಿಗೆ ಸರಕು ತುಂಬುವ ಹಿರಿಯ ಜೀವ. ಬೆಳಗಿನ ಗಿರಾಕಿಗಳೆಲ್ಲ ಹೋದ ಮೇಲೆ ಬಂದು, ದಿನದ ಮೊದಲ ಊಟವಾಗಿ ಎರಡು ರೊಟ್ಟಿ ತಿನ್ನುತ್ತಾನೆ. ನನ್ನನ್ನು ಓಣಿಯ ಎಲ್ಲರಂತೆ 'ಸಾಹೇಬ್ರ' ಎನ್ನುತ್ತಾನೆ, ಓದು ಬಾರದ ಅವನಿಗೆ ನನ್ನ ಹೆಸರು ಗೊತ್ತಿಲ್ಲ. ಅವನ ಗುತ್ತಿಗೆದಾರ ಕೂಲಿಯನ್ನು ಬ್ಯಾಂಕಿಗೆ ಹಾಕತೊಡಗಿದ್ದ, ಮಗಳು ಒಂದು ಫೋನು ಕೊಡಿಸಿದ್ದಳು. ನಾನು ಬಿಡುವೆನೇ? ಒಂದು ಭಾನುವಾರ ಪೂರ್ತಿ ಕೂತು ಅವನಿಗೆ ಹಣ ಕಳಿಸುವುದನ್ನು ಕಲಿಸಿದೆ. ರಾಷ್ಟ್ರ ಮುನ್ನಡೆಯುವುದು ಕಣ್ಣಿಗೆ ಕಂಡಂತಾಯಿತು.

ಮುಂದಿನದನ್ನು ಮೂರು ಬಾಯಿಗಳಿಂದ ಕೇಳಿ ಜೋಡಿಸಿದ್ದೇನೆ.

ಸೋಮವಾರ ಮುದಕಪ್ಪ ಬಂದ. ಕಟ್ಟೆಯ ಬಳಿ ಅವನು, ಶಿವಗಂಗಾ ಇಬ್ಬರೇ. ಕಲಿಸಿದಂತೆಯೇ ಬೋರ್ಡಿಗೆ ಫೋನು ತೋರಿಸಿದ, ಗುಪ್ತಸಂಖ್ಯೆ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ಆಮೇಲೆ ಪರದೆಯೇ ಕಪ್ಪಾಯಿತು.

"ಹೋತಲ್ಲವ್ವ," ಎಂದ ಮುದಕಪ್ಪ. "ನನ್ನ ಕಡಿಂದ ಹೋತು. ನಿನ್ನ ಕಡೆ ಬಂತೇನು?"

"ಬಂದಿರತೈತಿ ಮುತ್ಯಾ. ಉಣ್ಣು."

"ಬಂದಿರತೈತಿ ಅಂದ್ರ? ಬಂದಿದ್ರ ಬಂತು ಅನ್ನು."

"ಬರದಿದ್ರೂ ಏನಾತು, ನಾಳೆ ಕೊಡು. ಉಣ್ಣು ಮೊದಲ."

"ಕೊಡದ ನಾನು ಯಾವತ್ತೂ ಉಂಡಿಲ್ಲ. ನಡುವ ಎಲ್ಲೋ ಸಿಕ್ಕಿಬಿದ್ದೈತಿ. ಸಾಹೇಬ್ರನ್ನ ಕೇಳು," ಎಂದು ತಟ್ಟೆ ಸರಿಸಿ, ತಲೆಯ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಮುಂಜಾನೆಯಿಂದ ಬರಿಹೊಟ್ಟೆಯಲ್ಲೇ ಚೀಲ ಹೊತ್ತು ಬಂದವನು.

ಶಿವಗಂಗಾ ನನ್ನ ಫೋನಿಗೆ ಕರೆ ಮಾಡಿದಳು. ಪೆಟ್ಟಿಗೆಯೊಳಗಿಂದ ಮುನಿಯಣ್ಣ ಎತ್ತಿದ.

"ಯಾರಮ್ಮಾ?"

"ನಮ್ಮ ಮನಿಯವ್ರನ್ನ ಕರೀರೀ. ಅರ್ಜೆಂಟ್ ಐತಿ."

"ಕರೀತೀನಿ. ಎಸ್ರೇನು?"

"ನಮ್ಮ ಮನಿಯವ್ರು ಅಂದೆನಲ್ರೀ."

"ಎಸ್ರು ಏಳಮ್ಮ. ಒಳಗಡೆ ಐನೂರು ಜನ ಅವ್ರೆ. ಯಾರ್ನ ಅಂತ ಕರೀಲಿ? ಈ ಫೋನ್ ಮ್ಯಾಲೆ ಏನೂ ಬರ್ದಿಲ್ಲ."

"ಎತ್ತರಕ್ಕ ಅದಾರ್ರೀ. ಕನ್ನಡಕ ಹಾಕ್ತಾರ."

"ಅಂಗಿರೋರು ನೂರು ಜನ ಅವ್ರೆ. ಇನ್ನೇನಾದ್ರೂ ಗುರ್ತು?"

ಗುರುತು ಕೇಳಿದರೆ ಹೆಂಡತಿಗೆ ಬರವೇ? ಮನಸ್ಸು ಬಿಚ್ಚಿ ಹೇಳಿದಳು. ಮುನಿಯಣ್ಣ ಅದನ್ನು ಶಿರಸಾವಹಿಸಿ ಗೇಟಿನ ಮೈಕು ಎತ್ತಿಕೊಂಡ. ಬೆಂಕಿ ಬಿದ್ದರೆ, ಆಂಬುಲೆನ್ಸ್ ಬೇಕಾದರೆ ಕೂಗಲೆಂದು ಇಟ್ಟ ಮೈಕು ಅದು, ಪ್ರತಿ ಶೆಡ್ಡಿನಲ್ಲೂ ಅದರ ಸ್ಪೀಕರುಗಳಿವೆ.

"ಎಲ್ರೂ ಗಮನ ಕೊಡಿ. ಎತ್ತರಕ್ಕಿರೋರು, ಕನ್ನಡ್ಕ ಆಕೋರು, ಬದ್ನೆಕಾಯಿ ಕಂಡ್ರೆ ಮುಖ ಸಿಂಡ್ರಿಸೋರು, ದಿಂಬಿಗೆ ತಲೆ ಇಟ್ಟ ಕೂಡ್ಲೆ ಗೊರ್ಕೆ ಒಡಿಯೋರು, ಒಂದ್ ಸಲ ಮಾತಿಗೆ ಶುರು ಅಚ್ಕೊಂಡ್ರೆ ನಿಲ್ಸದೇ ಇರೋರು, ಗೇಟಿಗೆ ಬರ್ಬೇಕು. ಮನೆಯೋರು ಲೈನಲ್ಲವ್ರೆ."

ಇಡೀ ಶಾಪು ನಿಂತು ಕೇಳಿತು. 'ಮಾತು ನಿಲ್ಲಿಸದವರು' ಎಂಬಲ್ಲಿಗೆ ಬರುವಷ್ಟರಲ್ಲಿ ಸುತ್ತಲಿನ ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು.

"ಮಗಾ, ನಿನ್ನನ್ನೇ ಕಣೋ!" ಎಂದ ವಸಂತ್.

"ನಾನಲ್ಲ," ಎಂದೆ ಘನತೆಯಿಂದ. "ನಾನು ಬದನೆಕಾಯಿ ತಿಂತೀನಿ."

ಒಬ್ಬ ವಿಜ್ಞಾನ ಪದವೀಧರ ಗೊರಕೆಯ ಆಧಾರದ ಮೇಲೆ ಗುರುತಿಸಿಕೊಂಡು ಎದ್ದು ಹೋಗುವುದೇ? ಏನೋ ಲುಂಗಿಯವರ ಲೆಕ್ಕವಿರಬೇಕು, ಸಂಜೆ ನೋಡಿದರಾಯಿತು. ಅಷ್ಟರಲ್ಲಿ ನಗು ಮೂಲೆಮೂಲೆಗೂ ಹಬ್ಬಿತ್ತು. ತುರ್ತು ಕೆಲಸವಿರುವವನಂತೆ ಅಳತೆಗೋಲು ಹಿಡಿದು ನೇರವಾಗಿ ಪಂಪು ಪರೀಕ್ಷಿಸುವ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ದೊಡ್ಡ ಪಂಪುಗಳು ಒಟ್ಟಿಗೆ ಓಡುತ್ತಿರುತ್ತವೆ. ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಿಸುವುದಿಲ್ಲ. ಕಿವಿಗೆ ಬಿರಡೆ ಬೇರೆ ಹಾಕಿಕೊಂಡೆ. ನೆಮ್ಮದಿಯಾಯಿತು.

ಗೇಟಿನಲ್ಲಿ ಮುನಿಯಣ್ಣ ಕಾದು ನೋಡಿದ. "ಯಾರೂ ಬರ್ಲಿಲ್ಲಮ್ಮ. ಎಸ್ರು ಇಲ್ದೆ ಆಗಲ್ಲ. ಯಾಕ್ ಅಷ್ಟೊಂದು ಅರ್ಜೆಂಟು?"

"ಒಬ್ಬ ಮುತ್ಯಾ ಉಪವಾಸ ಕುಂತಾನ್ರೀ," ಎಂದಳು ಶಿವಗಂಗಾ. ದನಿ ಅಳುವಂತಾಗಿತ್ತಂತೆ. "ಅವ್ರು ಬಂದು ರೊಕ್ಕ ಬಂದೈತಿ ಅಂದ್ರ ಉಣ್ತಾನ. ಇಲ್ಲಂದ್ರ ಹಂಗ ಎದ್ದು ಚೀಲ ಹೊರಾಕ ಹೊಕ್ಕಾನ."

"ಅಂಗಾದ್ರೆ ನಾಚ್ಕೋಬೇಡ. ನನ್ ಮಗ್ಳ ತರ ನೀನು. ಏಳ್ಬಿಡು." ಹೀಗೆಂದ ಮುನಿಯಣ್ಣ, ಉತ್ತರ ಕರ್ನಾಟಕದ ಹೆಸರು ತನ್ನ ಬಾಯಲ್ಲಿ ಕೆಟ್ಟುಹೋದೀತೆಂದು, ಫೋನಿನ ದನಿ ಜೋರು ಮಾಡಿ ಅದನ್ನೇ ಮೈಕಿನ ಮುಂದೆ ಹಿಡಿದ. ಇದನ್ನು ಅವಳಿಗೆ ಹೇಳಲಿಲ್ಲ.

ಶಿವಗಂಗಾ ಮುದಕಪ್ಪನ ಕಡೆ ನೋಡಿದಳು, ತಣ್ಣಗಾಗುತ್ತಿದ್ದ ರೊಟ್ಟಿಯ ಕಡೆ ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ನಮ್ಮ ಫ್ಯಾಕ್ಟರಿಯ ಪ್ರತಿ ಶೆಡ್ಡಿನಲ್ಲೂ, ಕ್ಯಾಂಟೀನಿನಲ್ಲೂ, ಮ್ಯಾನೇಜರರ ಕೋಣೆಯಲ್ಲೂ ಅವಳ ದನಿ ಕೇಳಿಸಿತು:

"ಬುಟ್ಟ್ಯಾಗ ಬಿಸಿ ರೊಟ್ಟಿ ಆರಾಕತ್ತೈತಿ,
ಬಸಲಿಂಗರಾಯರ ಒಂದು ಮಾತಿಗೆ ಜೀವ ಕಾಯಾಕತ್ತೈತಿ."

ಲೇತುಗಳು ನಿಂತವಂತೆ. ನಮ್ಮ ಕಡೆಯ ಹುಡುಗರು ಮೊದಲು ಚಪ್ಪಾಳೆ ಹೊಡೆದರಂತೆ, ಆಮೇಲೆ ಅರ್ಥವಾಗದ ಒಡಿಶಾದವರೂ ಹೊಡೆದರಂತೆ. ಮ್ಯಾನೇಜರು ಕೋಣೆಯಿಂದ ಹೊರಬಂದು, "ಯಾರ್ರೀ ಬಸಲಿಂಗರಾಯ, ಬೇಗ ಹೋಗ್ರೀ!" ಎಂದರಂತೆ. ಎಲ್ಲವೂ ಅಂತೆ. ಬಸಲಿಂಗರಾಯರು ಪಂಪುಗಳ ನಡುವೆ, ಕಿವಿಗೆ ಬಿರಡೆ ಹಾಕಿಕೊಂಡು, ಘನತೆಯನ್ನು ಕಾಪಾಡಿಕೊಳ್ಳುತ್ತಿದ್ದರು.

ವಸಂತ್ ಹುಡುಕಿಕೊಂಡು ಬಂದು ನನ್ನ ಬಿರಡೆ ಕಿತ್ತ. ಹೊರಗೆ ಎಳೆದು ವಿಷಯ ಹೇಳಿದ. ನನ್ನ ಕಾಲು ನೆಲದ ಮೇಲಿರಲಿಲ್ಲ.

"ಏನಂದಳು? ಸರಿಯಾಗಿ ಹೇಳು. ಹಾಗೇ ಹೇಳು."

"ಅದೇ ಗುರು, ಬುಟ್ಟೀಲಿ ರೊಟ್ಟಿ ಇದೆ, ತಣ್ಣಗಾಗ್ತಿದೆ, ಬಸಲಿಂಗ ಬಾ... ಅಂತ ಏನೋ. ಸಕ್ಕತ್ತಾಗಿತ್ತು."

ನಮ್ಮ ಕಡೆಯ ಮುತ್ತು ಎಂಬ ವೆಲ್ಡರ್ ಮಾತ್ರ ಸಾಲುಗಳನ್ನು ತಪ್ಪಿಲ್ಲದೆ ಹೇಳಿದ. ಆದರೆ ಅವನ ಗಡಸು ದನಿಯಲ್ಲಿ, ಮೀಸೆಯ ಕೆಳಗಿಂದ, 'ಜೀವ ಕಾಯಾಕತ್ತೈತಿ' ಎಂದು ಬಂದಾಗ ನನಗೆ ಏನೂ ಆಗಲಿಲ್ಲ.

ಗೇಟಿಗೆ ಓಡಿ ಫೋನು ನೋಡಿದೆ. ಮುದಕಪ್ಪನ ಹಣ ಆಗಲೇ ಬಂದು ಬಿದ್ದಿತ್ತು. ಕರೆ ಮಾಡಿದೆ. "ಬಂದೈತಿ, ಮುತ್ಯಾಗ ಉಣ್ಣಾಕ ಹೇಳು."

"ಉಂಡು ಹೋದ," ಎಂದಳು. "ಹೆಸರು ಹೇಳಿದ್ದು ಕೇಳಿ, 'ನನ್ನ ಸಲುವಾಗಿ ಗಂಡನ ಹೆಸರು ಹೇಳಿದೆವ್ವಾ, ಇನ್ನ ರೊಕ್ಕ ಬಂದ್ರೇನು, ಬಿಟ್ರೇನು, ಹಾಕು ರೊಟ್ಟಿ' ಅಂದ. ಒಂದು ಹೆಚ್ಚಿಗೇನ ತಿಂದ."

ಸಂಜೆ ಮನೆಗೆ ಬಂದವನೇ ಅವಳ ಎದುರು ಕೂತೆ. ದನಿ ಇಡೀ ಫ್ಯಾಕ್ಟರಿಗೆ ಕೇಳಿಸಿದ ಸುದ್ದಿ ಹೇಳಿದೆ. "ಅಯ್ಯ ನಮ್ಮಪ್ಪ!" ಎಂದು ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೋಡಿ, "ನಿಮಗೂ ಕೇಳಿಸ್ತೇನು?" ಎಂದಳು.

"ಎಲ್ಲರಿಗೂ ಕೇಳಿಸ್ತು. ನನಗೊಬ್ಬನಿಗೇ ಇಲ್ಲ."

"ನೀವೆಲ್ಲಿದ್ರಿ?"

ಹೇಳಬೇಕಾಯಿತು. ಅಡಗಿದ್ದು, ಬಿರಡೆ, ಬದನೆಕಾಯಿಯ ಸುಳ್ಳು, ಎಲ್ಲ. ಅವಳು ನಕ್ಕಳು. ಗೋಡೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಅಷ್ಟು ನಕ್ಕವಳು ಕರಗಿರುತ್ತಾಳೆಂದು ಭಾವಿಸಿ ಮೆಲ್ಲನೆ, "ಇನ್ನೊಮ್ಮೆ ಅನ್ನು," ಎಂದೆ.

"ಕರದಾಗ ಬರ್ಲಿಲ್ಲಲ್ರೀ," ಎಂದು ಹಿಟ್ಟು ಕಲಸಲು ಎದ್ದಳು.

ಆ ವಾರವೇ ಅವಳ ಖಾತೆಗೆ ಫೋನು ಜೋಡಿಸಿದೆ. ಬ್ಯಾಂಕಿನ ಸರ್ವರ್ ಆಶ್ಚರ್ಯಕರವಾಗಿ ಸರಿಯಾಗಿತ್ತು. ಹೊಸ ಫೋನು ಬಂತು, ಹೊಸ ಬೋರ್ಡು ಬಂತು, ಕೆಳಗೆ ದಪ್ಪಕ್ಷರದಲ್ಲಿ ಶಿವಗಂಗಾ ಎಂದಿತ್ತು. ನನಗೆ ಯಾರ ಕರೆಯೂ ಬರುವುದಿಲ್ಲ. ಡಬ್ಬಿ ಉಂಡೆನೇ ಎಂದು ಯಾರೂ ಕೇಳುವುದಿಲ್ಲ. ಕ್ರಾಂತಿ ಸಂಪೂರ್ಣ ಯಶಸ್ವಿಯಾಗಿತ್ತು.

ಹಣ ಕಳಿಸಿದವರ ಹೆಸರು ಈಗ ಅವಳ ಫೋನಿನಲ್ಲೇ ಮೂಡುತ್ತದೆ, ಅದೂ ಕನ್ನಡದಲ್ಲಿ. ಅವಳು ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದಾಳೆ. ಫೋನು ಟಿಣ್ ಎಂದ ಕೂಡಲೆ ಹೆಸರನ್ನು ಗಟ್ಟಿಯಾಗಿ ಓದಿ, "ಬಂತು" ಎಂದು ಕೂಗುತ್ತಾಳೆ. ಕೂಗಿದ ಮೇಲೆಯೇ ರೊಟ್ಟಿ.

ಇದನ್ನು ಕಂಡ ದಿನ ನನ್ನ ತಲೆಯಲ್ಲಿ ಮತ್ತೆ ಬೆಳಕು ಮೂಡಿತು. ಭಾನುವಾರ ಬೆಳಿಗ್ಗೆ ಹಿಂಬಾಗಿಲಿನಿಂದ ಹೊರಗೆ ಹೋಗಿ, ಓಣಿ ಸುತ್ತಿ ಬಂದು, ನನ್ನ ಮನೆಯ ಕಟ್ಟೆಯ ಮುಂದೆ ನಾನೇ ಗಿರಾಕಿಗಳ ಸಾಲಿನಲ್ಲಿ ನಿಂತೆ.

"ಮುತ್ತು, ಬಂತು," ಎಂದಳು ಶಿವಗಂಗಾ. ಮುತ್ತು ತಟ್ಟೆ ಹಿಡಿದು ಸರಿದ.

"ಕರಿಬಸಪ್ಪ, ಬಂತು."

"ಮುದಕಪ್ಪ ಮುತ್ಯಾ, ಬಂತು. ಕುಂತು ಉಣ್ಣು."

ನನ್ನ ಸರದಿ. ಬೋರ್ಡಿಗೆ ಫೋನು ತೋರಿಸಿದೆ. ಅವಳ ಫೋನು ಟಿಣ್ ಎಂದಿತು. ಅವಳು ಅದನ್ನು ಎತ್ತಿ ನೋಡಿದಳು, ತುಟಿ ಅಲುಗಿತು. ಆಮೇಲೆ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮುದಕಪ್ಪ ತುತ್ತನ್ನು ಬಾಯಿಯ ಹತ್ತಿರವೇ ನಿಲ್ಲಿಸಿದ.

ಶಿವಗಂಗಾ ನನ್ನ ತಟ್ಟೆಗೆ ರೊಟ್ಟಿ ಹಾಕಿದಳು. ಅದರ ಮೇಲೆ, ಉಳಿದವರಿಗೆ ಹಾಕದ ಬೆಣ್ಣೆಯನ್ನೂ ಒಂದು ಮುದ್ದೆ ಇಟ್ಟಳು.

"ಇವರದು," ಎಂದಳು, "ಬಂತು. ಮುಂದಿನವ್ರು ಬರ್ರಿ."